ಬಸವಣ್ಣೆಮ್ಮನವರ ಹದಿನೆಂಟನೇ ನಡೆ

ದಾವಣಗೆರೆಯ ಸರಸ್ವತಿ ನಗರದ ಬಸವಣ್ಣೆಮ್ಮನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹರೆಯದಿಂದಲೂ ಚೆಸ್ಸಿನ ಹುಚ್ಚು. ಆಡಿದ ಆಟಗಳನ್ನೆಲ್ಲ ನಡೆ ನಡೆಯಾಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಕಳೆದ ವರ್ಷ ಅವನ್ನೆಲ್ಲ ಪರೀಕ್ಷಿಸಿ ನೋಡಲು ಒಂದು ಸಾಫ್ಟ್‌ವೇರ್ ಬೇಕೆನಿಸಿ ಕಂಪ್ಯೂಟರ್ ಅಂಗಡಿಗೆ ಹೋದರು.

“ಮೊಮ್ಮಗನಿಗೇನ್ರಿ, ಅಮ್ಮಾ?” ಎಂದ ಅಂಗಡಿಯವನು.

“ನನಗೇ.”

ಅವನು ನಕ್ಕು, ಕುದುರೆ ಕೆನೆಯುವ ಮಕ್ಕಳ ಆಟವೊಂದನ್ನು ತೋರಿಸಿದ. ಬೇಡವೆಂದಾಗ ಇನ್ನೊಂದನ್ನು ತೆರೆದ. “ಇದನ್ನ ಸೋಲ್ಸೋರು ಭೂಮಿ ಮ್ಯಾಲೇ ಇಲ್ರಿ. ಆದ್ರೆ ನಿಮಗೆ ತಿಳಿಯಲ್ಲ. ಮನೇಲಿ ಗಂಡಸ್ರಿದ್ರೆ ಕಳಿಸ್ರಿ, ಅವ್ರಿಗೆ ಹೇಳ್ತೀನಿ.”

ಬಸವಣ್ಣೆಮ್ಮನವರಿಗೆ ಮೈಯೆಲ್ಲ ಉರಿದುಹೋಯಿತು.

“ನನ್ನ ಸೋಲ್ಸೋದು ಬ್ಯಾಡಪ್ಪ. ನಾನಾಡಿದ ಆಟ ಹಾಕಿದ್ರೆ ಎಲ್ಲಿ ತಪ್ಪೈತೆ ಅಂತ ತೋರಿಸ್ಬೇಕು. ಅಂಥದ್ದು ಐತೋ ಇಲ್ಲೋ, ಅಷ್ಟು ಹೇಳು. ಗಂಡಸ್ರನ್ನ ಕಳ್ಸಾಕೆ ಇದೇನು ಅಕ್ಕಿ ಮೂಟೆ ಹೊರೋ ಕೆಲ್ಸನಾ?”

ಉತ್ತರಕ್ಕೆ ಕಾಯದೆ ಹೊರಬಂದರು.

ಮರುದಿನ ನೋಟ್‌ಬುಕ್ಕುಗಳನ್ನು ಹಿಡಿದು ಹರಿಹರದ ಬಸ್ಸು ಹತ್ತಿದರು. ಅಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಫಿಜಾ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದಳು. ಇಬ್ಬರೂ ಕೂತು ಮೂರು ಸಾಫ್ಟ್‌ವೇರ್‌ಗಳನ್ನು ಹಾಕಿ ನೋಡಿದರು. ಒಂದಕ್ಕೆ ಎದುರಾಳಿಯಾಗಿ ಆಡುವುದಷ್ಟೇ ಗೊತ್ತು. ಇನ್ನೊಂದು ತಪ್ಪನ್ನು ಕೆಂಪಾಗಿ ತೋರಿಸುತ್ತಿತ್ತೇ ಹೊರತು ಅಲ್ಲೇನು ಆಡಬೇಕಿತ್ತೆಂದು ಹೇಳುತ್ತಿರಲಿಲ್ಲ. ಮೂರನೆಯದು ಹಳೆಯ ಆಟವನ್ನು ತುಂಬಿಸಿಕೊಂಡು, ಪ್ರತಿ ನಡೆಗೂ ಬೇರೆ ದಾರಿಗಳನ್ನು ಬಿಡಿಸಿ ತೋರಿಸುತ್ತಿತ್ತು.

“ಇದು ಪುಕ್ಕಟೆ ಸಿಗ್ತೈತಿ, ಮೇಡಂ,” ಎಂದಳು ಫಿಜಾ.

ಬಸವಣ್ಣೆಮ್ಮನವರು ಮೊದಲು ತುಂಬಿಸಿದ್ದು ಹರಿಹರದಲ್ಲೇ ಮೂವತ್ತೈದು ವರ್ಷಗಳ ಹಿಂದೆ ಗೆದ್ದ ಪಂದ್ಯವನ್ನು. ಹದಿನೆಂಟನೇ ನಡೆಯಲ್ಲಿ ಬೇಕೆಂದೇ ಕುದುರೆಯನ್ನು ಬಲಿಕೊಟ್ಟು, ಅಲ್ಲಿನ ಕ್ಲಬ್ಬಿನ ಅಧ್ಯಕ್ಷ ಉಜ್ಜನಪ್ಪನವರನ್ನು ಸೋಲಿಸಿದ್ದರು. ಬಹುಮಾನ ಕೊಡುವಾಗ ಉಜ್ಜನಪ್ಪ ಮೈಕಿನಲ್ಲಿ, “ತಂಗಿ ಕಣ್ತಪ್ಪಿ ಕುದುರೆ ಕಳ್ಕೊಂಡ್ಲು, ಅದೃಷ್ಟ ಕೈ ಹಿಡೀತು,” ಎಂದಿದ್ದರು. ಸಭೆಯೆಲ್ಲ ನಕ್ಕಿತ್ತು. ಆಮೇಲೆ ಬಸವಣ್ಣೆಮ್ಮನವರು ಯಾವ ಪಂದ್ಯಕ್ಕೂ ಹೋಗಲಿಲ್ಲ.

ಈಗ ಪರದೆಯ ಮೇಲೆ ಉತ್ತರವಿತ್ತು: ಹದಿನೆಂಟನೆಯದೇ ಅತ್ಯುತ್ತಮ ನಡೆ. ಅವರದೇ ಇಪ್ಪತ್ತಮೂರನೆಯದು ಮಾತ್ರ ದೊಡ್ಡ ತಪ್ಪು. ಅದು ಅಂದು ಉಜ್ಜನಪ್ಪನವರ ಕಣ್ಣಿಗೂ ಬಿದ್ದಿರಲಿಲ್ಲ. ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಬಸವಣ್ಣೆಮ್ಮನವರು ನೇರ ಕ್ಲಬ್ಬಿಗೆ ನಡೆದರು. ಫಿಜಾಳೂ ಹಿಂದೆಯೇ ಹೋದಳು.

ಎಂಬತ್ತು ದಾಟಿದ ಉಜ್ಜನಪ್ಪ ಕನ್ನಡಕ ಏರಿಸಿ ಓದಿದರು. “ಇಪ್ಪತ್ತಮೂರನೇದು ತಪ್ಪು ಅಂತ ಇದೇ ಹೇಳ್ತೈತಲ್ಲಮ್ಮ.”

“ಹೌದ್ರಿ, ತಪ್ಪೇ. ಹದಿನೆಂಟನೇದು ಕಣ್ತಪ್ಪಲ್ಲ. ಅವತ್ತು ಎಲ್ಲರ ಮುಂದೆ ಹೇಳಿದ್ರಿ, ಇವತ್ತೂ ಎಲ್ಲರ ಮುಂದೆ ಹೇಳ್ರಿ.”

ಇಸ್ಪೀಟು ಆಡುತ್ತಿದ್ದವರು ತಲೆಯೆತ್ತಿದರು.

“ಕೂಡ್ರಮ್ಮ, ಒಂದಾಟ ಆಡಾಣ…”

“ಮೊದ್ಲು ಹೇಳ್ರಿ.”

ಉಜ್ಜನಪ್ಪ ಕನ್ನಡಕ ತೆಗೆದರು. “ಕುದುರೆ ಕೊಟ್ಟಿದ್ದು ಸರಿಯಿತ್ತು. ನನಗೆ ಅವತ್ತೇ ಗೊತ್ತಿತ್ತು.”

ಬಸ್ ನಿಲ್ದಾಣದಲ್ಲಿ ಫಿಜಾ, “ಸಮಾಧಾನ ಆತೇನ್ರಿ, ಮೇಡಂ?” ಎಂದಳು.

“ಎಲ್ಲಿ ಸಮಾಧಾನ?” ಎಂದರು ಬಸವಣ್ಣೆಮ್ಮನವರು. “ಗೊತ್ತಿತ್ತಂತೆ! ಗೊತ್ತಿದ್ದೂ ನಗ್ಸಿದ್ರು ನೋಡು.”