ಮೂರನೆಯ ಕಲ್ಲಿನ ಹೆಸರು

ಉಳಿಯ ಏಟಿಗೆ ಕರಿಕಲ್ಲಿನಿಂದ ಏಳುವ ವಾಸನೆ ನಿಮಗೂ ಗೊತ್ತಿರಬಹುದು: ಸುಟ್ಟ ಕೂದಲಿನಂತೆ ಮೂಗಿಗೆ ಅಡರಿ, ನಾಲಿಗೆಯ ಮೇಲೆ ಕಬ್ಬಿಣದ ಒಗರು ಬಿಟ್ಟುಹೋಗುವಂಥದು. ಮೊನ್ನೆ ರೋಣದಲ್ಲಿ ರಸ್ತೆ ಅಗೆಯುವಲ್ಲಿ ಅದು ಬಂದದ್ದೇ ತಡ, ನಾನು ಮತ್ತೆ ಹುಡುಗಿಯಾಗಿ ಪುರ್ತಗೇರಿಯ ಅಜ್ಜನ ಅಂಗಳದಲ್ಲಿದ್ದೆ. ಅಜ್ಜ ಒರಳು ಕಡೆಯುತ್ತಿದ್ದ. ನಮ್ಮೂರ ಬಳಿಯ ಗಜೇಂದ್ರಗಡದ ಗುಡ್ಡದ ಕಲ್ಲು ಕೆಂಪು. ಒರಳಿನ ಕರಿಕಲ್ಲು ಬಡಗಲ ಸೀಮೆಯಿಂದ ಟ್ರ್ಯಾಕ್ಟರಿನಲ್ಲಿ ಬರಬೇಕು. ಬಂದ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ನೀರು ಸುರಿದು ಕಾದು, ಆಮೇಲೆ ಹೆಸರು ಹೇಳುತ್ತಿದ್ದ. ಕಂಚಿನ ಹಾಗೆ ನುಡಿದು ನೀರು ಜಾರಿಸಿದ್ದು ಗಂಟಿಗಲ್ಲು, ಒರಳಿಗೆ. ತೂತುತೂತಾಗಿ ನೀರು ಕುಡಿದದ್ದು ಹುಳುಕಗಲ್ಲು, ಗೋಡೆಯ ಬುಡಕ್ಕೆ.

ನಾನಾಗ ಏಳನೆಯ ತರಗತಿ, ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದವಳು. ಒರಳು ಕೊಳ್ಳಲು ಬಂದಿದ್ದ ನೆರೆಮನೆಯ ನೀಲವ್ವನ ಎದುರಿಗೇ ಅಂದೆ: "ಅಜ್ಜಾ, ಇವೆಲ್ಲಾ ಒಂದ ಕಲ್ಲ. ಬಸಾಲ್ಟ್ ಅಂತಾರ. ಪುಸ್ತಕದಾಗ ಐತಿ."

"ಹಂಗಾರ ಹುಳುಕಗಲ್ಲಿನ್ಯಾಗ ಚಟ್ನಿ ಅರದ ತಿನ್ನವಾ. ಆಮ್ಯಾಲ ಹಲ್ಲ ಎಣಿಸಿಕೋ."

ನೀಲವ್ವ ನಕ್ಕಳು, ನನಗೆ ಉರಿಯಿತು. ಅಜ್ಜ ಇನ್ನೊಂದು ಕಲ್ಲನ್ನು ಮುಂದೆಳೆದ. ಅಂಥದ್ದನ್ನು ನಾನು ಕಂಡಿರಲಿಲ್ಲ. "ಇದು ಮೂರನೇದ್ದು. ಹೆಸರ ಹೇಳತೇನಿ, ಮದಲ ದನಿ ಕೇಳು."

"ನೀ ಇಟ್ಟ ಹೆಸರಿಗಿ ಪುರಾವೆ ಏನೈತಿ?" ಎಂದವಳೇ ಎದ್ದು ಹೋದೆ. ಬಾಗಿಲಲ್ಲಿ ತಿರುಗಿ ನೋಡಿದರೆ, ಕಲ್ಲು ತಟ್ಟಲು ಅಜ್ಜ ಎತ್ತಿದ ಸುತ್ತಿಗೆ ಹಾಗೇ ನಿಂತಿತ್ತು. ಗೆದ್ದೆ ಅಂದುಕೊಂಡೆ. ಅಂದಿನಿಂದ ಯಾವ ಕಲ್ಲಿನ ಹೆಸರು ಕೇಳಿದರೂ ಅಜ್ಜನದು ಒಂದೇ ಮಾತು, "ನಿಮ್ಮ ಪುಸ್ತಕದಾಗ ನೋಡವಾ." ಮರುವರ್ಷ ಅವನೇ ತೀರಿಹೋದ. ಆ ಮೂರನೆಯ ಕಲ್ಲಿನ ಹೆಸರು ನೀಲವ್ವನಿಗೂ ಗೊತ್ತಿಲ್ಲ.

ಮುಂದೆ ನಾನು ಓದಿದ್ದು ಭೂವಿಜ್ಞಾನವನ್ನೇ. ಪುಸ್ತಕ ಮಾಡುವುದಾದರೂ ಏನು? ಒಂದೇ ಕರಗಿದ ಕಲ್ಲು, ಬೇಗ ತಣಿದರೆ ಒಂದು ಹೆಸರು, ನೆಲದೊಳಗೆ ನಿಧಾನವಾಗಿ ತಣಿದರೆ ಇನ್ನೊಂದು, ಗುಳ್ಳೆ ಉಳಿದರೆ ಮತ್ತೊಂದು. ಅಜ್ಜನೂ ಪರೀಕ್ಷೆ ಮಾಡಿಯೇ ಬೇರ್ಪಡಿಸಿದ್ದ. ಅದು ಹಳ್ಳಿಯವರ ಬಾಯಿಮಾತು ಎನ್ನುವವರು ಬನ್ನಿ, ವಾದಕ್ಕೆ ನಾನಿದ್ದೇನೆ. ಪುರಾವೆ ಕೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಪುರಾವೆ ಕೊಡಲು ಎತ್ತಿದ ಕೈಗೆ ಬೆನ್ನು ತಿರುಗಿಸಿದೆನಲ್ಲ, ಅದಕ್ಕಿದೆ.

ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಬಸಾಲ್ಟಿನ ಕೆಳಗೆ ಗಂಟಿಗಲ್ಲು, ಹುಳುಕಗಲ್ಲು ಎಂದು ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಮತ್ತೆ ಬರೆದೆ. ಮತ್ತೆ ಹೊಡೆದುಹಾಕಿದರು, ಮತ್ತೆ ಬರೆದೆ. ಕೊನೆಗೆ ಅವರ ಬೆರಳು ಆ ಎರಡು ಹೆಸರುಗಳ ಕೆಳಗೆ ನಾನು ಖಾಲಿ ಬಿಟ್ಟಿದ್ದ ಸಾಲಿನ ಮೇಲೆ ನಿಂತಿತು.

"ಇಲ್ಲಿ ಯಾಕ ಬಿಟ್ಟೀ?"

"ಅದಕ್ಕೂ ಒಂದ ಹೆಸರ ಇತ್ರಿ ಸರ್. ನಾ ನಿಂತ ಕೇಳಲಿಲ್ಲ."