ಯಾರು ಬೇಕ್ರಿ

ತಾಲೂಕಿನ ಟೆಲಿಫೋನ್ ಎಕ್ಸ್‌ಚೇಂಜಿನಾಗ ನಾ ಆಪರೇಟರ್ ಇದ್ದೆ. ಎಂಬತ್ತರ ದಶಕದ ನಡುವಿನ ಮಾತು. ಯಾರ ಫೋನ್ ಎತ್ತಿದ್ರೂ ಮೊದಲು ನನ್ನ ಕೂಡನ ಮಾತಾಡಬೇಕಿತ್ತು. ಬೋರ್ಡಿನ ಮ್ಯಾಲೆ ಅವರ ನಂಬರಿನ ತಗಡಿನ ಬಿಲ್ಲಿ ಪಟ್ಟನೆ ಬೀಳ್ತಿತ್ತು, ನಾ ವಾಯರ್ ಚುಚ್ಚಿ ‘ಯಾರು ಬೇಕ್ರಿ?’ ಅಂತಿದ್ದೆ. ನಂಬರ್ ಹೇಳೂ ರೂಢಿ ನಮ್ಮ ಮಂದಿಗೆ ಎಲ್ಲಿತ್ತು. ಅಡತಿ ಅಂಗಡಿ ಬೇಕು, ಡಾಕ್ಟರ್ ಬೇಕು, ಹುಬ್ಬಳ್ಳಿ ಅಳಿಯ ಬೇಕು ಅಂತಿದ್ರು.

ನನ್ನ ಜೋಡಿ ಕೆಲಸಕ್ಕಿದ್ದಾಕಿ ಬಾಣಂತನಕ್ಕ ಹೋದ್ಲು. ಬದಲಿ ಮಂದಿ ಬರ್ತಾರಂತ ಸಾಹೇಬರು ಹೇಳಿದ್ರು, ಬರಲಿಲ್ಲ. ಆಕಿ ಪಾಳಿನೂ ನನ್ನ ಕೊರಳಿಗೆ ಬಿತ್ತು. ಶಾಣ್ಯಾಕಿ ಅನ್ನಿಸ್ಕೊಳ್ಳಾಕ ಹೂಂ ಅಂದೆ, ಸುಡ್ಲಿ ಆ ಶಾಣ್ಯಾತನ. ಹತ್ತಿ ಸುಗ್ಗಿ ಬಂದು ಅಡತಿ ದಲಾಲರ ಫೋನ್ ಹೆಚ್ಚಾದ ಮ್ಯಾಲಂತೂ ಕಟ್ಟಿಕೊಂಡು ಹೋದ ರೊಟ್ಟಿ ಹಂಗ ವಾಪಸ್ ಬರ್ತಿತ್ತು. ಮೊದಲು ಹೆಡ್‌ಫೋನ್ ಹಚ್ಚೂ ಎಡಗಿವಿ ನೋಯಾಕತ್ತಿತು, ಆಮ್ಯಾಲೆ ಕುತ್ತಿಗಿ. ತಲಿ ಹಿಕ್ಕೊಂಡ್ರ ಕೂದಲ ಕೈತುಂಬ ಬರ್ತಿತ್ತು. ಮುಟ್ಟೂ ನಿಂತುಹೋತು. ಲಗ್ನ ಆಗದ ಹುಡುಗಿ, ಇದನ್ನ ಅವ್ವಗ ಹೆಂಗ ಹೇಳ್ಲಿ.

ಯರಗುಪ್ಪಿಯ ನಮ್ಮ ಮನ್ಯಾಗ ಫೋನ್ ಇರಲಿಲ್ಲ. ಆದ್ರೂ ಬಚ್ಚಲದಾಗ ಗಂಟಿ, ಒಲಿ ಮುಂದ ಗಂಟಿ. ಬಲಗೈ ತನ್ನಷ್ಟಕ್ಕ ತಾನ ಎದ್ದು ಗ್ವಾಡಿಗೆ ಏನೋ ಚುಚ್ಚಾಕ ಹೋಗ್ತಿತ್ತು.

ಒಂದ ಐತವಾರ ಮಧ್ಯಾಹ್ನ, ಪಡಸಾಲ್ಯಾಗ ಅವ್ವನ ಕೂಡ ಜ್ವಾಳ ಹಸನ ಮಾಡ್ಕೋತ ಕುಂತಾಕಿ ಕಣ್ಣು ತೆರಕೊಂಡ ‘ಯಾರು ಬೇಕ್ರಿ?’ ಅಂದೆನಂತ. ಬಾಜೂ ಮನಿ ಕಾಕು ಮೊರ ಬಿಟ್ಟು ಎದ್ದು ನಿಂತ್ಲಂತ.

“ಏನೋ ಮೈಮ್ಯಾಲೆ ಬಂದೈತಬೇ. ನಿಮಗ ಯಾರು ಬೇಕು, ಯಾರನ್ನ ಉಳಿಸ್ಲಿ ಅಂತ ಕೇಳಾಕತ್ತೈತಿ. ಲಗೂನ ಹೇಳು.”

ಮುಂದಿನದು ನನಗ ನೆನಪೈತಿ. ಅವ್ವ ನನ್ನ ಹಣಿಗೆ ವಿಭೂತಿ ಹಚ್ಚಿ ಎರಡೂ ಪಾದ ಹಿಡಕೊಂಡ್ಲು. ಆಕಿ ದನಿ ಭಾಳ ದೂರದ ಊರಿಂದ ಬಂದಂಗ ಕೇಳಿಸ್ತು.

“ನನಗ ನನ್ನ ಮಗಳು ಬೇಕ್ರಿ.”

ಹಡದವ್ವ ನನಗ ‘ರಿ’ ಹಚ್ಚಿ ಮಾತಾಡಿದ್ದು ಅದೊಂದ ಸಲ. ನನ್ನ ಬಾಯಿ ದಿನಾ ಹೇಳೂ ಮಾತನ್ನ ಹೇಳ್ತು: “ಲೈನ್ ಸಿಗವಲ್ದ್ರಿ. ಆಮ್ಯಾಲೆ ಮಾಡ್ರಿ.”

“ಎಷ್ಟು ಹೊತ್ತಾದ್ರೂ ಆಗವಲ್ದ್ಯಾಕ, ನಾ ಹಿಡಕೊಂಡ ಇರ್ತೀನ್ರಿ,” ಅಂದ್ಲು ಅವ್ವ. ಹೊತ್ತು ಇಳಿಯೂತನಕ ಆಕಿ ನನ್ನ ಕಾಲು ಬಿಡಲಿಲ್ಲ.

ಆಮ್ಯಾಲೆ ನಾ ಬೋರ್ಡಿನ ಮುಂದ ಕುಂಡ್ರಲಿಲ್ಲ. ಮೈ ನಿಧಾನಕ್ಕ ತಿರುಗಿ ಬಂತು, ಎಡಗಿವಿ ಬರಲಿಲ್ಲ. ಕಿವಿ ನರ ಸತ್ತೈತಿ ಅಂದ್ರು ಡಾಕ್ಟರು. ಹೊರಗಿನ ಸಪ್ಪಳ ಒಂದೂ ಕೇಳದ ಆ ಕಿವ್ಯಾಗ ಇವತ್ತಿಗೂ ಗಂಟಿ ಆಗತೈತಿ. ಅವ್ವ ತೀರಿಕೊಂಡ ಮ್ಯಾಲಂತೂ ಹಲ್ಲು ಕಚ್ಚಿ ಸುಮ್ಮನ ಕುಂಡ್ರತೀನಿ. ಬಾಯಿ ತಪ್ಪಿ ಯಾರು ಬೇಕ್ರಿ ಅಂದು, ಆಕಿ ಮತ್ತ ನನ್ನ ಮಗಳು ಬೇಕ್ರಿ ಅಂದ್ರ ಏನ್ ಹೇಳ್ಲಿ.