ಕಾಲು ಮಾತ್ರೆ

ಹೋದ ಗುರುವಾರ ಓಮಲೂರು ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಕೈ ಹಿಡಿದುಕೊಂಡುಬಿಟ್ಟೆ. ಮೆತ್ತಗಲ್ಲ, ಗಟ್ಟಿಯಾಗಿಯೇ.

ಧರ್ಮಪುರಿ ಬಸ್ಸಿನಲ್ಲಿ ಆಕೆ ನನ್ನ ಪಕ್ಕದಲ್ಲಿದ್ದಳು. ಮಡಿಲಲ್ಲಿ ಮೂರು ವರ್ಷದ ಮಗು. ಬಸ್ಸು ನಿಂತ ಹೊತ್ತು ನೋಡಿ ಸೆರಗಿನ ಗಂಟು ಬಿಚ್ಚಿ, ಒಂದು ಮಾತ್ರೆ ತೆಗೆದು ಮಗುವಿನ ಬಾಯಿಗೆ ಹಿಡಿದಳು. ಮುಂದೆ ತೊಪ್ಪೂರು ಘಾಟಿಯ ತಿರುವುಗಳಿವೆ, ವಾಂತಿ ಆಗದಿರಲಿ ಎಂದು.

“ಎಷ್ಟು ಕೊಡ್ಬೇಕು ಅಂದ್ರು?” ಅಂದೆ.

“ಯಾರನ್ನ ಕೇಳಾದು? ಇದು ನಮ್ಮೆಜಮಾನ್ರುದು. ಒಟ್ಟೆ ತೊಳಸ್ತೈತೆ ಅಂದಾಗ ಅವ್ರಿಗೆ ಕೊಟ್ಟಿದ್ರು. ನಿಂಗ್ಯಾಕಕ್ಕ? ಕೈ ಬಿಡು!”

ಬಿಡಲಿಲ್ಲ. “ಅಗಾ, ಅಲ್ಲೇ ಮೆಡಿಕಲ್ ಶಾಪ್ ಐತೆ. ಇಳ್ದು ಕೇಳ್ಕಂಡು ಬರಾನ ಬಾ” ಅಂದೆ.

“ಎನ್ನಮ್ಮಾ, ಬಸ್ಸುಲ ಪಂಚಾಯತ್ತಾ?” ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ಆಕೆ ಮಾತ್ರೆಯನ್ನು ಮತ್ತೆ ಗಂಟು ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು, ನನ್ನನ್ನು ‘ಉಚ್ಚಿ’ ಅಂದು, ಬೇರೆ ಸೀಟಿಗೆ ಹೋದಳು. (ಅನ್ನಲಿ. ಮಾತ್ರೆ ಗಂಟಿನಲ್ಲೇ ಉಳಿಯಿತಲ್ಲ.)

ನನಗೆ ಯಾಕೆ ಬೇಕಿತ್ತು ಈ ಉಸಾಬರಿ? ಆರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ನಿಮಗೆ ಗೊತ್ತೇ ಇದೆ. ಅದೂ ತಮಿಳು ಸ್ಕೂಲು. ಕನ್ನಡ ಅಕ್ಷರ ಕಲಿಸಿದ್ದು ತಾತ. (ಈ ಅಂಕಣದಲ್ಲಿ ನನ್ನ ಕಾಗುಣಿತ ತಿದ್ದುವ ಪತ್ರಿಕೆ ಆಫೀಸಿನವರಿಗೆ ನಮಸ್ಕಾರ.) ಸೇಲಂನಲ್ಲಿ ನಮ್ಮದು ಕೈಮಗ್ಗದ ಮನೆ. ಒಳಗೆ ಕನ್ನಡ, ಹೊಸಲು ದಾಟಿದರೆ ತಮಿಳು.

ಆಗ ನನಗೆ ಹದಿನೈದು, ತಂಗಿ ಕನಕನಿಗೆ ನಾಲ್ಕು. ಅದಿಯಮಾನ್‌ಕೋಟೆಯಲ್ಲಿ ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಅಮ್ಮ ಹಿಂದಿನ ದಿನವೇ ಹೋಗಿದ್ದಳು. ಬೆಳಿಗ್ಗೆ ಕನಕನನ್ನು ಕರೆದುಕೊಂಡು ಬರುವುದು ನನ್ನ ಕೆಲಸ. “ಒಟ್ಟೆ ತುಂಬಾ ತಿನ್ನಿಸ್ಬೇಡ. ಕಿಟಕಿ ಪಕ್ಕ ಕೂರ್ಸು. ಮೂಗಿಗೆ ನಿಂಬೆಅಣ್ಣು ಹಿಡಿ” ಎಂದಿದ್ದಳು. ಅಷ್ಟೇ ಸಾಕಿತ್ತು.

ಆದರೆ ಅವತ್ತು ನಾನು ಹೊಸ ದಾವಣಿ ಉಟ್ಟಿದ್ದೆ. ಗಿಣಿಹಸಿರು. ಕನಕ ಬಸ್ಸು ಹತ್ತಿದರೆ ವಾಂತಿ ಮಾಡುವವಳು, ಮಾಡುವುದು ನನ್ನ ಮಡಿಲಲ್ಲೇ. ದಾವಣಿಯ ಗತಿ?

ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ತಮಿಳಿನಲ್ಲೇ ಕೇಳಿದೆ. ಅಷ್ಟರಲ್ಲಿ ಕನಕ ರೋಡಿಗೆ ಓಡಿದಳು. “ಲೇ, ನಿಂತ್ಕಳೇ!” ಅಂದುಬಿಟ್ಟೆ. ಅಂಗಡಿಯವನ ಮುಖ ಅರಳಿತು.

“ಓ, ನಮ್ಮೋರಾ? ಮಗೀಗೆ ಎಷ್ಟು ವರ್ಸ?”

“ನಾಲು ವಯಸು, ಅಣ್ಣಾ.” ಆಗಲೂ ನಾನು ತಮಿಳು ಬಿಡಲಿಲ್ಲ. (ಕನ್ನಡ ಆಡಿದರೆ ಹಳ್ಳಿಯವಳು ಅಂದುಕೊಂಡಾರು ಎಂಬ ಜಂಬ.)

ಅವನು ಎರಡು ಮಾತ್ರೆ ಕಾಗದದ ಕವರಿಗೆ ಹಾಕಿ, ಮೇಲೆ 1/4 ಎಂದು ಬರೆದ. “ಕಾಲೇ ಕೊಡವ್ವಾ. ಕಾಲೇ ಸಾಕು.”

ಅವನು ಅಕ್ಕರೆಯಿಂದ ಕನ್ನಡದಲ್ಲಿ ಹೇಳಿದ. ನಾನು ತಮಿಳಿನಲ್ಲಿ ಕೇಳಿಸಿಕೊಂಡೆ. ತಮಿಳಿನಲ್ಲಿ ‘ಕಾಲೆ’ ಅಂದರೆ ಬೆಳಿಗ್ಗೆ. ಬೆಳಿಗ್ಗೆ ಕೊಡು, ಬೆಳಿಗ್ಗೆ ಮಾತ್ರ ಸಾಕು. ಇನ್ನು ಕವರಿನ ಮೇಲಿನ ಲೆಕ್ಕ? ಒಂದು ಮಾತ್ರೆ, ನಾಲ್ಕು ವರ್ಷದ ಮಗುವಿಗೆ. ಎಷ್ಟು ಸರಿಯಾಗಿ ಹೊಂದಿಕೊಂಡಿತು ನೋಡಿ!

ಇನ್ನೊಂದು ಸಲ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಇಡೀ ಮಾತ್ರೆಯನ್ನು ಪುಡಿ ಮಾಡಿ ಸಕ್ಕರೆಯಲ್ಲಿ ಕಲಸಿ ಕೊಟ್ಟೆ. ಘಾಟಿಯಲ್ಲಿ ವಾಂತಿ ಆಗಲಿಲ್ಲ. ದಾವಣಿಗೆ ಒಂದು ಕಲೆಯಿಲ್ಲ.

ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಕನಕನ ಕತ್ತು ಒಂದು ಕಡೆಗೆ ತಿರುಗಿಕೊಂಡಿತು. ಕಣ್ಣುಗಳು ಮೇಲಕ್ಕೆ ತಿರುಗಿ ನಿಂತವು, ನಾಲಗೆ ಹೊರಗೆ ಬಂತು. ಪ್ರಜ್ಞೆ ಇತ್ತು. ಅಳಲು ನೋಡುತ್ತಿದ್ದಳು, ಬಾಯಿ ಕೇಳುತ್ತಿರಲಿಲ್ಲ.

“ಗಾಳಿ ಸೋಕೈತೆ ಅತ್ತಿಗೆ, ಬೇವಿನ ಸೊಪ್ಪು ತತ್ತೀನಿ” ಅಂದಳು ಅತ್ತೆ.

“ಸೊಪ್ಪು ನಿನ್ ತಲೆಗೆ ಇಟ್ಕ. ಮೊದ್ಲು ಆಟೋ ಕರಿ” ಅಂದಳು ಅಮ್ಮ.

ಧರ್ಮಪುರಿಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಅದನ್ನು: ಮಗುವಿಗೆ ಏನಾದರೂ ಮಾತ್ರೆ ಕೊಟ್ಟಿದ್ದೀರಾ?

“ನಿಂಬೆಅಣ್ಣು ಬಿಟ್ರೆ ಏನೂ ಇಲ್ಲ” ಎಂದಳು ಅಮ್ಮ, ನನ್ನ ಕಡೆ ತಿರುಗಿ, “ಏನ್ಲೇ, ಏನಾರ ಕೊಟ್ಯಾ?”

ಕವರು ನನ್ನ ಸೊಂಟದಲ್ಲಿತ್ತು. “ಇಲ್ಲ” ಅಂದೆ.

ಆಮೇಲೆ ಹಿಂದುಗಡೆಯ ಚರಂಡಿಗೆ ಅದನ್ನು ಎಸೆದು ಬಂದೆ.

ಸಂಜೆಯೊಳಗೆ ಇನ್ನೊಂದು ಸಲ ಹಾಗೇ ಆಯಿತು. ಫಿಟ್ಸ್ ಎಂದು ಚೀಟಿಯಲ್ಲಿ ಬರೆದರು. ದಿನವೂ ಮಾತ್ರೆ. ನಮ್ಮ ಬೀದಿಯ ಮಕ್ಕಳು ಅವಳಿಗೆ ‘ವಲಿಪ್ಪು’ ಎಂದು ಹೆಸರಿಟ್ಟರು, ತಮಿಳಿನಲ್ಲಿ ಫಿಟ್ಸ್‌ಗೆ ಹಾಗನ್ನುತ್ತಾರೆ. ಮಗ್ಗದ ಗುಂಡಿ ಹತ್ತಿರ ಬಿಡುವಂತಿಲ್ಲ, ಒಲೆ ಹತ್ತಿರ ಬಿಡುವಂತಿಲ್ಲ. ಬಿದ್ದುಗಿದ್ದಾಳು ಎಂದು ಅಮ್ಮ ಸ್ಕೂಲಿಗೂ ಕಳಿಸಲಿಲ್ಲ. ಬೆಳಗಿನ ಮಾತ್ರೆ ನುಂಗಿ, ಮಂಕಾಗಿ, ಬಾಗಿಲಲ್ಲಿ ಕೂತು ಸ್ಕೂಲಿಗೆ ಹೋಗುವವರನ್ನು ನೋಡುತ್ತಿದ್ದಳು. ಅವಳನ್ನು ದಾಟಿಕೊಂಡೇ ನಾನು ದಿನವೂ ಮಗ್ಗಕ್ಕೆ ಹೋಗುತ್ತಿದ್ದೆ.

ಗುರುವಾರ ಮನೆಗೆ ಬಂದವಳೇ ಅಮ್ಮನಿಗೆ ಎಲ್ಲ ಹೇಳಿದೆ. ನೂಲು ಸುತ್ತುತ್ತಿದ್ದ ಅಮ್ಮನ ರಾಟೆ ನಿಂತಿತು. ಅಮ್ಮ ಹೊಡೆಯಲಿಲ್ಲ, ಬಯ್ಯಲಿಲ್ಲ.

“ಆರು ವರ್ಸ… ಇಲ್ದಿರೋ ಕಾಯ್ಲೆಗೆ ನನ್ ಕೈಯಾರೆ ಮಾತ್ರೆ ನುಂಗಿಸ್ದೆನೇನೇ?” ಅಂದಳು.

ಸೋಮವಾರ ಮೂವರೂ ಸೇಲಂನ ಡಾಕ್ಟರ ಹತ್ತಿರ ಹೋದೆವು. ಅವರು ಎಲ್ಲ ಕೇಳಿಸಿಕೊಂಡರು. ವಾಂತಿ ಮಾತ್ರೆ ಹೆಚ್ಚಾದರೆ ಎಳೆ ಮಕ್ಕಳಿಗೆ ಕತ್ತು, ಕಣ್ಣು ಹೀಗೆ ತಿರುಚಿಕೊಳ್ಳುವುದುಂಟು, ಆವತ್ತು ಆದದ್ದು ಬಹುಪಾಲು ಅದೇ ಎಂದರು. ಆಗಲೇ ಹೇಳಿದ್ದರೆ ಅದಕ್ಕೆ ತಕ್ಕ ಇಂಜೆಕ್ಷನ್ ಹಾಕಿ ಮನೆಗೆ ಕಳಿಸುತ್ತಿದ್ದರಂತೆ. ಮಗುವಿನ ತೂಕ ನೋಡದೆ ಈ ಮಾತ್ರೆ ಕೊಡಲೇಬಾರದಂತೆ. ದೊಡ್ಡವರದನ್ನು ಮುರಿದು ಕೊಡುವುದೂ ತಪ್ಪಂತೆ. ಏನಾದರೂ ಆದರೆ, ಬೈದರೂ ಸರಿ, ಕವರು ತಂದು ತೋರಿಸಬೇಕಂತೆ.

ಕವರು. ನನ್ನ ಸೊಂಟದಲ್ಲೇ ಇತ್ತಲ್ಲ.

ಫಿಟ್ಸ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ನಡುವೆ ತೋರಿಸುತ್ತಿರಿ ಎಂದು ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕನಕ ಕಿಟಕಿ ಪಕ್ಕ ಕೂತಳು. ಅವಳಿಗೀಗ ಹತ್ತು ವರ್ಷ. ಸ್ಕೂಲಿಗೆ ಹಾಕುತ್ತೀವಿ ಎಂದು ಅಮ್ಮ ಹೇಳಿದ್ದಕ್ಕೆ ಮುಖ ಬೆಳಗಿತ್ತು. ಡಾಕ್ಟರ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

“ಮೊದ್ಲು ಅರ್ಧ, ಆಮೇಲೆ ಕಾಲು ಅಂದ್ರಲ್ಲ. ಕಾಲು ಅಂದ್ರೆ ಎಷ್ಟಕ್ಕಾ?”